ಸಾಲಗಾರ ಸೇನಾನಿ ಮತ್ತು ಪ್ರಭುತ್ವದ ನಂಬಿಕೆ

ಅಮೆರಿಕದ ಸ್ವಾತಂತ್ರ್ಯ ಸಮರ ಮುಗಿದ ಮರುವರ್ಷ, 1784ರಲ್ಲಿ, ಲಂಡನ್ನಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಸೇನಾಪತಿಯೊಬ್ಬ ಭಾರತಕ್ಕೆ ಬರಲು ಹವಣಿಸಿದ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಹುದ್ದೆ ಕೋರಿದ ಆತನಿಗೆ ಕಂಪನಿಯ ನಿರ್ದೇಶಕರಲ್ಲೊಬ್ಬನಾದ ಜಾರ್ಜ್ ಜಾನ್‌ಸ್ಟೋನ್ ಸೌಜನ್ಯದಿಂದಲೇ ಉತ್ತರಿಸಿದ. ಆತನ ನಡತೆಯ ಬಗ್ಗೆ ತನಗೆ ಸಂಶಯವಿಲ್ಲ, ಆದರೆ ಸಾಮಾನ್ಯ ಜನ ಹಾಗೆ ಭಾವಿಸುವುದಿಲ್ಲ, ಅದು ಬದಲಾಗುವವರೆಗೆ ಆತ ಬಯಸುವ ಸ್ಥಾನದಲ್ಲಿ ಆತನನ್ನು ಕೂರಿಸುವ ಶಕ್ತಿ ದೇಶದಲ್ಲಿ ಯಾರಿಗೂ ಇಲ್ಲ ಎಂಬುದು ಆ ಪತ್ರದ ತಾತ್ಪರ್ಯ. ಬಂಗಾಳದಲ್ಲಿ ಲೂಟಿಗೆ ಹೆಸರಾಗಿದ್ದ ಕಂಪನಿಯೂ ನಂಬಲು ಹಿಂಜರಿದ ಆ ಮನುಷ್ಯನ ಹೆಸರು ಬೆನೆಡಿಕ್ಟ್ ಅರ್ನಾಲ್ಡ್. ಅಮೆರಿಕದಲ್ಲಿ ಇಂದಿಗೂ ಆ ಹೆಸರು ದ್ರೋಹದ ಪರ್ಯಾಯಪದ.

ಆತನ ದ್ರೋಹದ ಕಥೆ ಪ್ರಸಿದ್ಧ. ಅದರ ಬೆನ್ನಿಗಿದ್ದ ಸಾಲದ ಕಥೆ ಅಷ್ಟು ಪ್ರಸಿದ್ಧವಲ್ಲ. ಸರ್ಕಾರದ ರಹಸ್ಯಗಳನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಬಾರದು ಎಂದು ನಿರ್ಧರಿಸುವಾಗ ಆಧುನಿಕ ರಾಷ್ಟ್ರಗಳು ಅಭ್ಯರ್ಥಿಯ ತೀರದ ಸಾಲವನ್ನು ಏಕೆ ಕೆದಕುತ್ತವೆ ಎಂಬ ಪ್ರಶ್ನೆಗೆ ಈ ಎರಡನೆಯ ಕಥೆಯಲ್ಲಿ ಉತ್ತರವಿದೆ. ಹಾಗೆ ಕೆದಕುವವರು ಎಲ್ಲಿ ಎಡವುತ್ತಾರೆ ಎಂಬುದಕ್ಕೂ ಅಲ್ಲಿ ಉತ್ತರವಿದೆ.

ಅರ್ನಾಲ್ಡ್ ಹುಟ್ಟಿದ್ದು 1741ರ ಜನವರಿ 14ರಂದು, ಕನೆಕ್ಟಿಕಟ್ ವಸಾಹತಿನ ನಾರ್ವಿಚ್ ಪಟ್ಟಣದಲ್ಲಿ. ಮನೆತನ ಪ್ರತಿಷ್ಠಿತವಾದದ್ದು. ತಂದೆ ವರ್ತಕ. ಆದರೆ ಮಕ್ಕಳು ಒಬ್ಬರ ಹಿಂದೊಬ್ಬರು ಕಾಯಿಲೆಗೆ ಬಲಿಯಾದ ಮೇಲೆ ತಂದೆ ಕುಡಿತಕ್ಕೆ ಬಿದ್ದ. ವ್ಯಾಪಾರ ಕೆಟ್ಟಿತು, ಸಾಲ ಬೆಳೆಯಿತು. ಖಾಸಗಿ ಶಾಲೆಯಲ್ಲಿ ಓದುತ್ತಿದ್ದ ಹುಡುಗನನ್ನು ಶುಲ್ಕ ಕಟ್ಟಲಾಗದೆ ಬಿಡಿಸಿ ತರಬೇಕಾಯಿತು. ತಾಯಿ ತನ್ನ ಬಂಧುಗಳಾದ ಲಾಥ್ರಪ್ ಸೋದರರ ಔಷಧದ ಅಂಗಡಿಯಲ್ಲಿ ಮಗನನ್ನು ಕೆಲಸ ಕಲಿಯಲು ಬಿಟ್ಟಳು. ತಾಯಿ 1759ರಲ್ಲಿ ತೀರಿಕೊಂಡಳು. ಕುಡಿದು ಬೀದಿಯಲ್ಲಿ ಬಿದ್ದದ್ದಕ್ಕೆ ಬಂಧನದ ಅವಮಾನವನ್ನೂ ಕಂಡ ತಂದೆ 1761ರಲ್ಲಿ ಹೋದ. ಚಿಕ್ಕ ಊರಿನಲ್ಲಿ ಸಾಲಗಾರನ ಮಗನಾಗಿ ಬೆಳೆಯುವುದೆಂದರೆ ಏನೆಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ್ದಲ್ಲ.

ಆ ಅವಮಾನವನ್ನು ತೊಳೆದುಕೊಳ್ಳುವುದೇ ಯುವಕನ ಮೊದಲ ಸಾಧನೆಯಾಯಿತು. ಲಾಥ್ರಪ್ ಸೋದರರ ನೆರವಿನಿಂದ 1762ರಲ್ಲಿ ನ್ಯೂ ಹೇವನ್ ನಗರದಲ್ಲಿ ಔಷಧ ಮತ್ತು ಪುಸ್ತಕಗಳ ಅಂಗಡಿ ತೆರೆದ. ಮರುವರ್ಷವೇ ಅವರ ಹಣ ಹಿಂದಿರುಗಿಸಿ, ತಂದೆ ಸಾಲಕ್ಕಾಗಿ ಮಾರಿದ್ದ ಪಿತ್ರಾರ್ಜಿತ ಮನೆಯನ್ನು ಮರಳಿ ಕೊಂಡ. ಇನ್ನೊಂದು ವರ್ಷಕ್ಕೆ ಅದನ್ನೇ ಒಳ್ಳೆಯ ಲಾಭಕ್ಕೆ ಮಾರಿ, ಪಾಲುಗಾರನೊಡನೆ ಹಡಗುಗಳನ್ನು ಕೊಂಡು, ವೆಸ್ಟ್ ಇಂಡೀಸ್ ದ್ವೀಪಗಳೊಡನೆ ವ್ಯಾಪಾರಕ್ಕಿಳಿದ. ಬ್ರಿಟಿಷ್ ಸಂಸತ್ತು 1764ರಲ್ಲಿ ಸಕ್ಕರೆ ಕಾಯಿದೆಯನ್ನೂ 1765ರಲ್ಲಿ ಮುದ್ರಾಂಕ ಕಾಯಿದೆಯನ್ನೂ ತಂದಾಗ ವಸಾಹತುಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಬಹುತೇಕ ವರ್ತಕರಂತೆ ಅರ್ನಾಲ್ಡ್ ಕೂಡ ಸುಂಕ ತಪ್ಪಿಸಿ ಸರಕು ಸಾಗಿಸಿದ. ಆ ದಶಕದ ಕೊನೆಯ ವರ್ಷಗಳಲ್ಲಿ ಸುಮಾರು 16,000 ಪೌಂಡ್ ಸಾಲದಲ್ಲಿ ಮುಳುಗಿದ್ದ. ಆತ ದಿವಾಳಿಯೆಂದು ಸಾಲ ಕೊಟ್ಟವರು ಊರೆಲ್ಲ ಹಬ್ಬಿಸಿದರು. ಆ ಸುಳಿಯಿಂದ ಹೇಗೋ ಪಾರಾದ. ಆದರೆ ಸಾಲಕ್ಕಿಂತ ಸಾಲದ ಸುದ್ದಿ ಹೆಚ್ಚು ನೋಯಿಸುತ್ತದೆ ಎಂಬ ಪಾಠ ಮನಸ್ಸಿನಲ್ಲಿ ಉಳಿದಿರಬೇಕು.

1775ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾದಾಗ ಈ ವರ್ತಕ ಸೈನಿಕನಾದ. ಅದೂ ಅಸಾಧಾರಣ ಸೈನಿಕ. ಮೇ ತಿಂಗಳಲ್ಲಿ ಟಿಕಾಂಡರೋಗ ಕೋಟೆಯ ವಶದಲ್ಲಿ ಪಾಲ್ಗೊಂಡ. ಅದೇ ವರ್ಷದ ಶರತ್ಕಾಲದಲ್ಲಿ 1,100 ಜನರೊಡನೆ ಮೇಯ್ನ್ ಪ್ರದೇಶದ ನಿರ್ಜನ ಕಾಡುಗಳನ್ನು ಹಾದು ಕ್ವಿಬೆಕ್ ನಗರದತ್ತ ನಡೆದ. ಹಸಿವಿನಿಂದ ಸೈನಿಕರು ಚರ್ಮವನ್ನೂ ಬೇಯಿಸಿ ತಿಂದ ಯಾತ್ರೆಯದು. ಡಿಸೆಂಬರ್ 31ರ ಹಿಮಪಾತದಲ್ಲಿ ನಡೆದ ಮುತ್ತಿಗೆ ಸೋತಿತು. ಅರ್ನಾಲ್ಡನ ಕಾಲಿಗೆ ಗುಂಡು ಬಿತ್ತು. 1776ರ ಅಕ್ಟೋಬರ್‌ನಲ್ಲಿ ಶಾಂಪ್ಲೇನ್ ಸರೋವರದಲ್ಲಿ ಸಣ್ಣ ದೋಣಿಪಡೆಯೊಂದನ್ನು ಕಟ್ಟಿ ಬ್ರಿಟಿಷರ ಮುನ್ನಡೆಯನ್ನು ತಡೆದ. 1777ರ ಅಕ್ಟೋಬರ್ 7ರಂದು ಸರಟೋಗಾದಲ್ಲಿ ಶತ್ರುಪಂಕ್ತಿಗೆ ನುಗ್ಗಿದಾಗ ಅದೇ ಕಾಲು ಮತ್ತೆ ಮುರಿಯಿತು. ಸರಟೋಗಾದ ಗೆಲುವಿನಿಂದಲೇ ಫ್ರಾನ್ಸ್ ಬಹಿರಂಗವಾಗಿ ಅಮೆರಿಕದ ಪಕ್ಷ ವಹಿಸಿತು ಎಂಬುದನ್ನು ನೆನೆದರೆ ಆ ಕಾಲಿನ ಬೆಲೆ ತಿಳಿದೀತು.

ಹೀಗಿದ್ದೂ ಈ ಸೇನಾನಿಗೂ ಆತನ ಸರ್ಕಾರಕ್ಕೂ ನಡುವೆ ಲೆಕ್ಕದ ಜಗಳ ಮೊದಲ ವರ್ಷದಿಂದಲೇ ಇತ್ತು. ಟಿಕಾಂಡರೋಗದ ಖರ್ಚಿನ ಬಗ್ಗೆ ಮ್ಯಾಸಚೂಸೆಟ್ಸ್ ಪ್ರಾಂತ್ಯ ತಕರಾರು ತೆಗೆಯಿತು. ಕೆನಡಾದ ದಂಡಯಾತ್ರೆಗೆ ಸ್ವಂತ ಹಣವನ್ನೂ ಸ್ವಂತ ಹೆಸರಿನಲ್ಲಿ ತಂದ ಸಾಲವನ್ನೂ ಸುರಿದಿದ್ದಾಗಿ ಆತ ಹೇಳುತ್ತಿದ್ದ. ಅದನ್ನು ಸಿದ್ಧಪಡಿಸುವ ಕಾಗದಪತ್ರಗಳಲ್ಲಿ ಹೆಚ್ಚಿನವು ಹಿಮ್ಮೆಟ್ಟುವಿಕೆಯ ಗೊಂದಲದಲ್ಲಿ ಕಳೆದುಹೋಗಿದ್ದವು. 1777ರ ಫೆಬ್ರವರಿಯಲ್ಲಿ ಆತನಿಗಿಂತ ಕಿರಿಯರಾದ ಐವರಿಗೆ ಕಾಂಗ್ರೆಸ್ ಮೇಜರ್ ಜನರಲ್ ಪದವಿ ಕೊಟ್ಟು ಆತನನ್ನು ಬಿಟ್ಟಿತು. ಬಡ್ತಿಯಲ್ಲಿ ಕಿರಿಯರು ಮುಂದೆ ಹೋದಾಗ ಹಿರಿಯರ ಎದೆಯಲ್ಲಿ ಏನಾಗುತ್ತದೆ ಎಂಬುದನ್ನು ಯಾವ ಸರ್ಕಾರಿ ನೌಕರನೂ ಬಲ್ಲ. ಕಾಂಗ್ರೆಸ್ಸಿನ ಕಾಗದದ ಹಣ ಈ ನಡುವೆ ಬೆಲೆ ಕಳೆದುಕೊಳ್ಳುತ್ತ ಹೋಗಿ, 1780ರ ಮಾರ್ಚ್‌ನಲ್ಲಿ 40 ಕಾಗದದ ಡಾಲರಿಗೆ 1 ಬೆಳ್ಳಿ ಡಾಲರ್ ಎಂದು ಕಾಂಗ್ರೆಸ್ಸೇ ಒಪ್ಪಿಕೊಂಡಿತು. ವೇತನವನ್ನೇ ನಂಬಿದ್ದ ಅಧಿಕಾರಿಗಳೆಲ್ಲರ ಸ್ಥಿತಿ ಇದೇ ಆಗಿತ್ತು.

ಅರ್ನಾಲ್ಡನ ಪತನದ ನಿಜವಾದ ಭೂಮಿಕೆ ಫಿಲಡೆಲ್ಫಿಯಾ. ಬ್ರಿಟಿಷರು ತೆರವು ಮಾಡಿದ ಆ ರಾಜಧಾನಿಗೆ 1778ರ ಜೂನ್‌ನಲ್ಲಿ ವಾಷಿಂಗ್ಟನ್ ಆತನನ್ನು ಸೇನಾ ಆಡಳಿತಾಧಿಕಾರಿಯಾಗಿ ನೇಮಿಸಿದ. ಕುದುರೆ ಏರಲಾಗದ ಗಾಯಾಳುವಿಗೆ ಇದು ವಿಶ್ರಾಂತಿಯ ಹುದ್ದೆ ಎಂಬ ಸದುದ್ದೇಶವಿತ್ತು. ಆದರೆ ಸರಕಿನ ಅಭಾವವಿದ್ದ ನಗರದಲ್ಲಿ ಅಂಗಡಿಗಳನ್ನು ಮುಚ್ಚಿಸುವ, ಹಡಗುಗಳಿಗೆ ರಹದಾರಿ ಕೊಡುವ ಅಧಿಕಾರ ಅದಕ್ಕಿತ್ತು. ಹಣದ ಅಗತ್ಯವಿರುವವನ ಕೈಗೆ ಅಂಥ ಅಧಿಕಾರ ಕೊಟ್ಟದ್ದು ದೊಡ್ಡ ತಪ್ಪಾಯಿತು. ಬಿಟ್ಟುಹೋದ ಬ್ರಿಟಿಷ್ ದಂಡನಾಯಕ ವಾಸವಿದ್ದ ಪೆನ್ ಭವನವನ್ನೇ ಅರ್ನಾಲ್ಡ್ ಹಿಡಿದ. ಸಾರೋಟು, ಸೇವಕರು, ಔತಣಗಳ ಖರ್ಚು ವೇತನವನ್ನು ಎಂದೋ ದಾಟಿತು. ಅದನ್ನು ತುಂಬಲು ಗುಟ್ಟಿನ ಪಾಲುಗಾರಿಕೆಗಳು ಹುಟ್ಟಿಕೊಂಡವು: ಮುಚ್ಚಿಸಿದ ಅಂಗಡಿಗಳ ಸರಕನ್ನು ಕೊಳ್ಳುವ ಒಪ್ಪಂದ, ತಾನೇ ರಹದಾರಿ ಕೊಟ್ಟ ಹಡಗಿನಲ್ಲಿ ಪಾಲು, ಖಾಸಗಿ ಸರಕನ್ನು ಹೊರಲು ಸರ್ಕಾರಿ ಬಂಡಿಗಳು. 1779ರ ಮಾರ್ಚ್‌ನಲ್ಲಿ ನಗರದ ಹೊರಗೆ ನದಿಯಂಚಿನ ಮೌಂಟ್ ಪ್ಲೆಸೆಂಟ್ ಸೌಧವನ್ನು ಸಾಲದ ಮೇಲೆ ಕೊಂಡ. ಅಲ್ಲಿ ಆತ ಎಂದೂ ವಾಸಿಸಲಿಲ್ಲ. ಏಪ್ರಿಲ್ 8ರಂದು ಹದಿನೆಂಟರ ಹರೆಯದ ಪೆಗ್ಗಿ ಶಿಪ್ಪೆನ್ ಎಂಬ ಶ್ರೀಮಂತರ ಮನೆಯ ಯುವತಿಯನ್ನು ಮದುವೆಯಾದ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಎಲ್ಲ ದೇಶಗಳಿಗೂ ಅನ್ವಯಿಸುವಂಥದ್ದು. ಸಾಲಗಾರನ ಮಗನೆಂಬ ಹೆಸರನ್ನು ಅಳಿಸಲು ಹೊರಟವನಿಗೆ ಅದು ಕೇಳಿಸಲಿಲ್ಲ.

ಪೆನ್ಸಿಲ್ವೇನಿಯ ಸರ್ಕಾರ 1779ರ ಫೆಬ್ರವರಿಯಲ್ಲಿಯೇ ಎಂಟು ಆರೋಪಗಳನ್ನು ಪ್ರಕಟಿಸಿತ್ತು. ಸೈನಿಕ ನ್ಯಾಯಾಲಯ ಬೇಗ ತೀರ್ಪು ನೀಡಲೆಂದು ಅರ್ನಾಲ್ಡ್ ಒತ್ತಾಯಿಸಿದ. ವಿಚಾರಣೆ ನಡೆದದ್ದು ಡಿಸೆಂಬರ್‌ನಲ್ಲಿ. ಎರಡು ಸಣ್ಣ ಆರೋಪಗಳು ಮಾತ್ರ ನಿಂತವು. ವಾಷಿಂಗ್ಟನ್ನನ ವಾಗ್ದಂಡನೆಯ ಆದೇಶ ಹೊರಬಿದ್ದದ್ದು 1780ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಕೆನಡಾ ಯಾತ್ರೆಯ ಲೆಕ್ಕದ ತೀರ್ಮಾನವೂ ಬಂತು: ದಾಖಲೆಗಳಿಲ್ಲದ ಕಾರಣ, ಸರ್ಕಾರ ಆತನಿಗೆ ಕೊಡುವುದಿರಲಿ, ಆತನೇ ಸುಮಾರು 1,000 ಪೌಂಡ್ ಸರ್ಕಾರಕ್ಕೆ ಬಾಕಿ! ಫ್ರೆಂಚ್ ರಾಯಭಾರಿ ಲಾ ಲುಜೆರ್ನ್ ಬಳಿ ಅರ್ನಾಲ್ಡ್ ಸಾಲ ಬೇಡಿದನೆಂದೂ ರಾಯಭಾರಿ ನಿರಾಕರಿಸಿದನೆಂದೂ ಆ ಕಚೇರಿಯ ಕಾರ್ಯದರ್ಶಿಯಾಗಿದ್ದ ಬಾರ್ಬೆ ಮಾರ್ಬ್ವಾ ಮುಂದೆ ತನ್ನ ಪುಸ್ತಕದಲ್ಲಿ ದಾಖಲಿಸಿದ. ಸ್ನೇಹಿತ ರಾಷ್ಟ್ರವಾದರೂ ಪರರಾಷ್ಟ್ರವೇ. ಸೇನಾನಿಯೊಬ್ಬ ಪರರಾಷ್ಟ್ರದ ದೂತನ ಮುಂದೆ ಕೈಚಾಚಿದ ಸಂಗತಿ ಆಗಲೇ ವಾಷಿಂಗ್ಟನ್ನನ ಕಿವಿಗೆ ಬಿದ್ದಿದ್ದರೆ ಇತಿಹಾಸದ ದಿಕ್ಕು ಬೇರೆಯಾಗುತ್ತಿತ್ತೇನೋ.

ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಶತ್ರುವಿನ ಬಾಗಿಲನ್ನೂ ಆತ ತಟ್ಟಿಯಾಗಿತ್ತು. ಮದುವೆಯಾದ ಮರುತಿಂಗಳು, 1779ರ ಮೇನಲ್ಲಿ, ಪಿಂಗಾಣಿ ಸಾಮಾನಿನ ವ್ಯಾಪಾರಿ ಜೋಸೆಫ್ ಸ್ಟಾನ್ಸ್‌ಬರಿಯ ಮೂಲಕ ನ್ಯೂಯಾರ್ಕಿನ ಬ್ರಿಟಿಷ್ ಅಧಿಕಾರಿ ಜಾನ್ ಆಂಡ್ರೆಗೆ ಸಂದೇಶ ಹೋಯಿತು. ಆ ಪತ್ರವ್ಯವಹಾರದಲ್ಲಿ ಎದ್ದು ಕಾಣುವುದು ತತ್ತ್ವಕ್ಕಿಂತ ಚೌಕಾಶಿ. ಹಡ್ಸನ್ ನದಿಗೆ ಕಬ್ಬಿಣದ ಸರಪಳಿ ಬಿಗಿದು ಶತ್ರು ನೌಕೆಗಳನ್ನು ತಡೆದಿದ್ದ ವೆಸ್ಟ್ ಪಾಯಿಂಟ್ ಕೋಟೆಯನ್ನು, ಅದರ ಕಾವಲುಪಡೆಯೊಡನೆ, ಒಪ್ಪಿಸಲು ಕೇಳಿದ ಬೆಲೆ 20,000 ಪೌಂಡ್. ಯತ್ನ ವಿಫಲವಾದರೂ 10,000 ಬೇಕೆಂದ. ಮೊದಲನೆಯದಕ್ಕೆ ಒಪ್ಪಿದ ಬ್ರಿಟಿಷರು ಎರಡನೆಯದನ್ನು 6,000ಕ್ಕೆ ಇಳಿಸಿದರು. ಗಾಯದ ನೆಪ ಹೇಳಿ, ರಣರಂಗದ ಉನ್ನತ ಹುದ್ದೆಯನ್ನು ಬೇಡವೆಂದು, 1780ರ ಆಗಸ್ಟ್‌ನಲ್ಲಿ ಆತ ಕೇಳಿ ಪಡೆದ ಹುದ್ದೆ ಆ ಕೋಟೆಯದೇ. ದೇಶದ ಅತಿ ಸೂಕ್ಷ್ಮ ನೆಲೆಗೆ ಅಧಿಪತಿಯನ್ನು ನೇಮಿಸುವಾಗ ಆತನ ಋಣಭಾರವನ್ನು ಯಾರೂ ವಿಚಾರಿಸಲಿಲ್ಲ. ಅದು ಗುಟ್ಟೇನೂ ಆಗಿರಲಿಲ್ಲ; ಫಿಲಡೆಲ್ಫಿಯಾದ ವರ್ತಕರಿಗೆಲ್ಲ ತಿಳಿದಿತ್ತು.

ಸೆಪ್ಟೆಂಬರ್ 21ರ ರಾತ್ರಿ ಅರ್ನಾಲ್ಡ್ ಮತ್ತು ಆಂಡ್ರೆ ಭೇಟಿಯಾದರು. 23ರಂದು ಟ್ಯಾರಿಟೌನ್ ಬಳಿ ಮೂವರು ಸಾಮಾನ್ಯ ಸ್ವಯಂಸೈನಿಕರು ವೇಷ ಮರೆಸಿಕೊಂಡಿದ್ದ ಆಂಡ್ರೆಯನ್ನು ತಡೆದರು. ಕಾಲುಚೀಲದಲ್ಲಿ ಕೋಟೆಯ ವಿವರಗಳು ಸಿಕ್ಕವು. ಬಿಟ್ಟುಬಿಟ್ಟರೆ ಹಣ ಕೊಡುತ್ತೇನೆಂಬ ಆಮಿಷವನ್ನು ಅವರು ಒಪ್ಪಲಿಲ್ಲ. ಸೇನಾಪತಿ ಮಾರಿದ್ದನ್ನು ಬಡ ರೈತರ ಮಕ್ಕಳು ಉಳಿಸಿದರು. ಕಾಂಗ್ರೆಸ್ ಅವರಿಗೆ ಬೆಳ್ಳಿಯ ಪದಕವನ್ನೂ ವರ್ಷಕ್ಕೆ 200 ಡಾಲರ್ ಪಿಂಚಣಿಯನ್ನೂ ಕೊಟ್ಟಿತು. 25ರ ಬೆಳಿಗ್ಗೆ ಸುದ್ದಿ ತಿಳಿದ ಅರ್ನಾಲ್ಡ್ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ನದಿಯಲ್ಲಿದ್ದ ಬ್ರಿಟಿಷ್ ನೌಕೆಗೆ ಓಡಿದ. ಆಂಡ್ರೆ ಅಕ್ಟೋಬರ್ 2ರಂದು ಗಲ್ಲಿಗೇರಿದ.

ದ್ರೋಹದ ವರಮಾನವೆಷ್ಟು? 6,000 ಪೌಂಡ್, ಖರ್ಚಿನ ಬಾಬ್ತು 315 ಪೌಂಡ್, ಬ್ರಿಟಿಷ್ ಬ್ರಿಗೇಡಿಯರ್ ಜನರಲ್ ಪದವಿ, ವಾರ್ಷಿಕ ಪಿಂಚಣಿ. 1781ರ ಜನವರಿಯಲ್ಲಿ ರಿಚ್‌ಮಂಡ್ ಮೇಲೆ ದಾಳಿ ಮಾಡಿದ. ಸೆಪ್ಟೆಂಬರ್‌ನಲ್ಲಿ, ತಾನು ಹುಟ್ಟಿದ ಊರಿಗೆ ಹತ್ತಿರದ ನ್ಯೂ ಲಂಡನ್ ಪಟ್ಟಣಕ್ಕೆ ಬೆಂಕಿಯಿಟ್ಟ. ಯುದ್ಧಾನಂತರ ಲಂಡನ್ನಿನಲ್ಲಿ ನೆಲೆ ಸಿಗದೆ 1785ರಲ್ಲಿ ಕೆನಡಾದ ಸೇಂಟ್ ಜಾನ್‌ಗೆ ಹೋಗಿ ಮತ್ತೆ ವ್ಯಾಪಾರ ಹಿಡಿದ. ಈಗ ಸಾಲ ಕೊಟ್ಟವನು ತಾನೇ ಆಗಿ, ಬಾಕಿದಾರರ ಮೇಲೆ ದಾವೆಗಳನ್ನು ಹೂಡಿದ. ಊರವರು ಆತನ ಪ್ರತಿಕೃತಿಯನ್ನು ಮನೆಯೆದುರೇ ಸುಟ್ಟರು. 1791ರ ಕೊನೆಗೆ ಲಂಡನ್ನಿಗೆ ಮರಳಿ, ಹಡಗಿನ ಸಾಹಸಗಳಲ್ಲಿ ಹಣ ಕಳೆದುಕೊಂಡು, 1801ರ ಜೂನ್ 14ರಂದು ಅರವತ್ತರ ವಯಸ್ಸಿನಲ್ಲಿ ತೀರಿಕೊಂಡ. ಬಿಟ್ಟುಹೋದದ್ದು ಮತ್ತೆ ಸಾಲವನ್ನೇ. ಪೆಗ್ಗಿ ಮನೆಯ ವಸ್ತುಗಳನ್ನು ಮಾರಿ ಅದನ್ನು ತೀರಿಸಿ 1804ರಲ್ಲಿ ಕಣ್ಣುಮುಚ್ಚಿದಳು. ತಂದೆಗೆ ಬಾಗಿಲು ಮುಚ್ಚಿದ ಕಂಪನಿ ಮಕ್ಕಳನ್ನು ಸೇರಿಸಿಕೊಂಡಿತು: ಎಡ್ವರ್ಡ್ ಮತ್ತು ಜಾರ್ಜ್ ಬಂಗಾಳದ ಅಶ್ವದಳದಲ್ಲಿ ಸೇವೆ ಸಲ್ಲಿಸಿದರು.

ಇಷ್ಟರಿಂದ ಸಾಲಗಾರರೆಲ್ಲ ದ್ರೋಹಿಗಳಾಗುತ್ತಾರೆ ಎಂದು ತೀರ್ಮಾನಿಸುವುದು ಅನ್ಯಾಯ. ಅರ್ನಾಲ್ಡನ ಸಮಕಾಲೀನನೇ ಆದ ನಥಾನಿಯಲ್ ಗ್ರೀನ್ ಅದಕ್ಕೆ ಸಾಕ್ಷಿ. ಆಂಡ್ರೆಯ ವಿಚಾರಣೆ ನಡೆಸಿದ ಮಂಡಲಿಯ ಅಧ್ಯಕ್ಷ ಆತನೇ. ದಕ್ಷಿಣದ ಸೇನೆಯನ್ನು ನಡೆಸುವಾಗ ಸೈನಿಕರ ಅನ್ನ ಬಟ್ಟೆಗಾಗಿ ಗುತ್ತಿಗೆದಾರನೊಬ್ಬನಿಗೆ ಗ್ರೀನ್ ಸ್ವಂತ ಜಾಮೀನು ನಿಂತ. ಗುತ್ತಿಗೆದಾರ ಕೈಕೊಟ್ಟ, ಸಾಲ ಗ್ರೀನ್‌ನ ಕೊರಳಿಗೆ ಬಿತ್ತು. 1786ರಲ್ಲಿ ಆತ ಸಾಲಗಾರನಾಗಿಯೇ ಸತ್ತ. ಸತ್ತ ಆರು ವರ್ಷದ ಮೇಲೆ, 1792ರಲ್ಲಿ, ಕಾಂಗ್ರೆಸ್ ಆತನ ವಿಧವೆಗೆ 47,000 ಡಾಲರ್ ಮಂಜೂರು ಮಾಡಿತು. ಗ್ರೀನ್ ತನ್ನ ಬಾಧ್ಯತೆಯನ್ನು ಬಚ್ಚಿಡಲಿಲ್ಲ. ಅರ್ನಾಲ್ಡ್ ಸಾಲವನ್ನು ವೈಭವದ ಹಿಂದೆ ಮರೆಸಿದ. ಅಂತರ ಇರುವುದು ಅಲ್ಲಿ. ಸಾಲಗಾರನನ್ನು ಕೊಳ್ಳಲು ಬರುವವನಿಗೆ ಬೇಕಾದದ್ದು ಆತನ ಬಡತನವಲ್ಲ, ಆತನ ಗುಟ್ಟು.

ಈ ವಿವೇಕ ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯಲ್ಲಿ ಪರೀಕ್ಷಿಸಬೇಕೆನ್ನುತ್ತದೆ. ಅರ್ಥಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಕಂದಾಯ ಮತ್ತು ಬೊಕ್ಕಸದ ಹೊಣೆ. ಶತ್ರು ಸೆಳೆದುಕೊಳ್ಳಬಲ್ಲವರನ್ನು ಅದು ಕ್ರುದ್ಧರು, ಲುಬ್ಧರು, ಭೀತರು, ಮಾನಿಗಳು ಎಂದು ವಿಂಗಡಿಸುತ್ತದೆ. ಅರ್ನಾಲ್ಡ್ ಏಕಕಾಲಕ್ಕೆ ಕ್ರುದ್ಧ, ಲುಬ್ಧ ಮತ್ತು ಮಾನಿ. ಲೋಭ ಆತನದು, ಆದರೆ ಲೆಕ್ಕವನ್ನು ಐದು ವರ್ಷ ಎಳೆದು, ಬಡ್ತಿಯಲ್ಲಿ ಕಡೆಗಣಿಸಿ ಕ್ರೋಧವನ್ನು ಒದಗಿಸಿದ್ದು ಸರ್ಕಾರ.

ಇದನ್ನು ಬೇಗ ಅರಿತವನು ಕಾರ್ನ್‌ವಾಲಿಸ್ ಎಂಬುದು ಕುತೂಹಲಕರ. 1781ರ ಮೇನಲ್ಲಿ ವರ್ಜೀನಿಯದಲ್ಲಿ ಅರ್ನಾಲ್ಡನ ಕೈಯಿಂದ ಸೇನೆಯ ಹೊಣೆ ವಹಿಸಿಕೊಂಡವನು ಆತ. ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದವನೂ ಆತನೇ. ಆದರೂ 1786ರಲ್ಲಿ ಭಾರತದ ಗವರ್ನರ್ ಜನರಲ್ ಆದ. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮೇಲೆ ಒಪ್ಪಂದ ಹೇರಿದ. ಸೋಲನ್ನು ಪ್ರಭುತ್ವ ಕ್ಷಮಿಸುತ್ತದೆ, ನಂಬಿಕೆಯ ಭಂಗವನ್ನಲ್ಲ. ಬಂಗಾಳದಲ್ಲಿ ಕಂಪನಿಯ ನೌಕರರ ಖಾಸಗಿ ವ್ಯಾಪಾರವನ್ನು ನಿಷೇಧಿಸಿದ ಆತ, ಅದರೊಡನೆಯೇ ಕಲೆಕ್ಟರನ ವೇತನವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿದ. ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಟ್ಟ ಆತನ ನೀತಿ ಅಕ್ಷಮ್ಯ. ಆದರೆ ನಿಷ್ಠೆಯನ್ನು ಬಯಸುವ ಸರ್ಕಾರ ನೌಕರನ ಮನೆಯ ಖರ್ಚನ್ನೂ ಯೋಚಿಸಬೇಕೆಂಬ ಆ ತಿಳಿವಳಿಕೆ ಸರಿಯಾದದ್ದೇ.

ಅರ್ನಾಲ್ಡನ ದೇಶ ಈ ಪಾಠವನ್ನು ನಿಯಮವಾಗಿ ಬರೆದುಕೊಂಡಿತು. 1985ರಲ್ಲಿ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್, ವಿಚ್ಛೇದನದ ಸಾಲದಿಂದ ಪಾರಾಗಲು 50,000 ಡಾಲರಿಗೆ ಸೋವಿಯತ್ ದೂತಾವಾಸದ ಮೆಟ್ಟಿಲೇರಿದ್ದು ಆ ಪಾಠವನ್ನು ಮತ್ತೆ ನೆನಪಿಸಿತು. 2017ರ ಜೂನ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಮಾರ್ಗಸೂಚಿಯಲ್ಲಿ, ರಹಸ್ಯ ಮಾಹಿತಿಗೆ ಅರ್ಹತೆ ಅಳೆಯುವ ಹದಿಮೂರು ಮಾನದಂಡಗಳ ಪೈಕಿ ಹಣಕಾಸಿನ ಸ್ಥಿತಿಯೂ ಒಂದು. ಅದು ಸಾಲವಿದೆ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ತೀರಿಸುವ ಮನಸ್ಸಿಲ್ಲದಿರುವುದು, ದುಂದುವೆಚ್ಚ, ಜೂಜು, ವಂಚನೆ, ಕಟ್ಟದ ತೆರಿಗೆ ಅಭ್ಯರ್ಥಿಯ ವಿರುದ್ಧ ನಿಲ್ಲುತ್ತವೆ. ಕೆಲಸ ಹೋಗಿದ್ದು, ಕಾಯಿಲೆ, ಸಾವು, ವಿಚ್ಛೇದನದಂಥ ಕೈಮೀರಿದ ಕಾರಣಗಳು, ಕಂತು ಕಟ್ಟಿ ತೀರಿಸುವ ಪ್ರಾಮಾಣಿಕ ಯತ್ನ ಆತನ ಪರವಾಗಿ ನಿಲ್ಲುತ್ತವೆ. ಗ್ರೀನ್ ಮತ್ತು ಅರ್ನಾಲ್ಡ್ ನಡುವಿನ ಅಂತರವೇ ಇಲ್ಲಿ ನಿಯಮದ ರೂಪ ತಳೆದಿದೆ.

ನಮ್ಮಲ್ಲಿಯೂ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 17ನೇ ನಿಯಮ, ನೌಕರ ಸದಾ ಸಾಲದಲ್ಲಿರದಂತೆ, ದಿವಾಳಿಯಾಗದಂತೆ ತನ್ನ ವ್ಯವಹಾರ ನಡೆಸಬೇಕೆಂದೂ, ಸಾಲದ ವಸೂಲಿಗೆ ದಾವೆ ಬಿದ್ದರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕೆಂದೂ ವಿಧಿಸುತ್ತದೆ. ಕಾರಣ ತನ್ನ ಕೈಮೀರಿದ್ದು ಎಂದು ಸಿದ್ಧಪಡಿಸುವ ಹೊಣೆಯೂ ನೌಕರನದೇ. ನಿಯಮ ಚೆನ್ನಾಗಿದೆ. ಆದರೆ ನನ್ನ ಸೇವಾವಧಿಯಲ್ಲಿ ಕಂಡಂತೆ, ಪ್ರತಿ ವರ್ಷ ಸಲ್ಲಿಸುವ ಆಸ್ತಿ ಮತ್ತು ಋಣದ ತಖ್ತೆಯಲ್ಲಿ ಆಸ್ತಿಯ ಭಾಗವನ್ನು ಯಾರಾದರೂ ಓದಿಯಾರು. ಋಣದ ಭಾಗವನ್ನು ಓದುವವರು ವಿರಳ. ಸಾಲವನ್ನು ಹೇಳಿಕೊಂಡವನಿಗೆ ನೆರವಿಗಿಂತ ಮೊದಲು ಕಳಂಕ ಸಿಗುತ್ತದೆ. ಆದ್ದರಿಂದ ಯಾರೂ ಹೇಳಿಕೊಳ್ಳುವುದಿಲ್ಲ.

ಮೊಬೈಲ್ ಆ್ಯಪ್‌ಗಳಲ್ಲಿ ಕ್ಷಣದಲ್ಲಿ ಸಾಲ ಸಿಗುವ, ವಸೂಲಿದಾರರು ಬಂಧುಮಿತ್ರರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಈ ಕಾಲದಲ್ಲಿ ಅಪಾಯ ಹೆಚ್ಚಿದೆ. ಸೂಕ್ಷ್ಮ ಹುದ್ದೆಗಳಲ್ಲಿರುವವರಿಗೆ, ಹೇಳಿಕೊಂಡ ಸಾಲದ ಕಾರಣಕ್ಕೆ ಶಿಕ್ಷೆಯಿಲ್ಲ, ಬಚ್ಚಿಟ್ಟ ಸಾಲಕ್ಕೆ ಕ್ಷಮೆಯಿಲ್ಲ ಎಂಬ ಭರವಸೆ ಸಿಗಬೇಕು. ಕಡಿಮೆ ಬಡ್ಡಿಯ ಇಲಾಖಾ ಮುಂಗಡ, ಬಾಕಿ ಬಿಲ್ಲುಗಳ ಸಕಾಲದ ವಿಲೇವಾರಿ, ತ್ವರಿತ ಇಲಾಖಾ ವಿಚಾರಣೆ ಇವೆಲ್ಲ ನೌಕರರ ಕಲ್ಯಾಣದ ವಿಷಯಗಳೆಂದು ಮಾತ್ರ ಎಣಿಸಲ್ಪಟ್ಟಿವೆ. ಅವು ರಾಷ್ಟ್ರದ ಭದ್ರತೆಯ ವಿಷಯಗಳೂ ಹೌದು. ವೆಸ್ಟ್ ಪಾಯಿಂಟ್ ಕೋಟೆಗೆ ಅಧಿಪತಿಯನ್ನು ಕಳಿಸುವ ಮುನ್ನ ಫಿಲಡೆಲ್ಫಿಯಾದ ಅಂಗಡಿಬೀದಿಯಲ್ಲಿ ಯಾರಾದರೂ ಒಮ್ಮೆ ವಿಚಾರಿಸಬಹುದಿತ್ತು. ಅದಕ್ಕೂ ಮೊದಲೇ ಕಾಂಗ್ರೆಸ್ಸಿನ ಗುಮಾಸ್ತರು ಆತನ ಲೆಕ್ಕವನ್ನು ಮುಗಿಸಬಹುದಿತ್ತು.